ಇಂದಿನ ಚಿಂತನೆ: ಇನ್ನೆಷ್ಟು ದಿನ?



ಕಳೆದ ಬೇಸಿಗೆ ರಜೆಯಲ್ಲಿ ಮಗಳ ಹಟಕ್ಕೆ ಮಣಿದು, ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಒಂದು ಆಶ್ರಯಕ್ಕೆ ಹೋಗಿದ್ದೆ. ತರಬೇಕೆಂದಿದ್ದದ್ದು ಬೆಕ್ಕಿನ ಮರಿಯನ್ನು. ಮಗಳು ಮರಿಗಳ ಹಿಂದೆ ಓಡಿದಳು. ನಾನು ಕುರ್ಚಿಯಲ್ಲಿ ಕೂತೆ. ಮೂಲೆಯ ಗೋಣಿಚೀಲದ ಮೇಲಿದ್ದ ಬೂದು ಬಣ್ಣದ ಬೆಕ್ಕೊಂದು ನಿಧಾನವಾಗಿ ಎದ್ದು ಬಂದು, ನನ್ನ ಕಾಲಿಗೆ ಹಣೆ ಉಜ್ಜಿ, ತೊಡೆಯೇರಿ ಗುರ್‌ಗುರ್ ಎನ್ನತೊಡಗಿತು.

"ಇದಕ್ಕೆ 12 ವರ್ಷ ಮೇಡಂ. ಸಾಕಿದವರು ಊರು ಬಿಡುವಾಗ ಇಲ್ಲಿ ಬಿಟ್ಟುಹೋದರು. 8 ತಿಂಗಳಾಯಿತು, ಯಾರೂ ಕೇಳಿಲ್ಲ" ಎಂದಳು ಅಲ್ಲಿಯ ಹುಡುಗಿ.

ನನ್ನ ಬಾಯಿಂದ ಬಂದ ಮೊದಲ ಮಾತು: "ಇನ್ನೆಷ್ಟು ದಿನ ಬದುಕುತ್ತೆ?"

ಕೇಳಿದ ಮೇಲೆ ನಾಚಿಕೆಯಾಯಿತು. ಹಿಂದಿನ ವಾರವಷ್ಟೇ ನಮ್ಮ ಮನೆಯಲ್ಲಿರುವ 78 ವರ್ಷದ ಅಮ್ಮ, "ನಾನಿನ್ನೆಷ್ಟು ದಿನ ಇರ್ತೀನಿ ಅಂತ ಹೊಸ ಕನ್ನಡಕಕ್ಕೆ ದುಡ್ಡು ಹಾಕ್ತೀಯೇ?" ಎಂದಾಗ ಗದರಿದ್ದೆ. ಅಮ್ಮನ ಬಾಯಲ್ಲಿ ತಪ್ಪೆನಿಸಿದ ಲೆಕ್ಕವನ್ನು ಈಗ ನಾನೇ ಹಾಕುತ್ತಿದ್ದೆ. ಬೆಕ್ಕನ್ನು ಮನೆಗೆ ತಂದೆವು.

ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸೋತಿದೆ, ಮುದಿ ಬೆಕ್ಕುಗಳಲ್ಲಿ ಇದು ಸಾಮಾನ್ಯ, ಪೂರ್ತಿ ವಾಸಿಯಾಗುವುದಿಲ್ಲ ಎಂದರು. ಹಾಲು ನಿಲ್ಲಿಸಿದೆವು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ ಎಂಬುದು ನನಗೆ ತಿಳಿದದ್ದೇ ಆಗ. ನೀರಿನಂಶವಿರುವ ಮೆತ್ತನೆಯ ಆಹಾರ, ಮನೆಯ ಮೂರು ಕಡೆ ನೀರಿನ ಬಟ್ಟಲು, ಕಾಲೆತ್ತಿ ದಾಟಲು ಸುಲಭವಾಗುವಂತೆ ಅಂಚು ತಗ್ಗಿರುವ ಮರಳಿನ ತಟ್ಟೆ, ಮಂಚ ಹತ್ತಲು ಒಂದು ಮಣೆ. ಇಷ್ಟೇ ಆರೈಕೆ.

"ಮುದಿ ಬೆಕ್ಕನ್ನ ಯಾರಾದ್ರೂ ತರ್ತಾರಾ?" ಎಂದು ಗೊಣಗಿದ್ದ ಅಮ್ಮನ ಮಡಿಲೇ ಅದರ ಜಾಗವಾಯಿತು. ಮಧ್ಯಾಹ್ನವೆಲ್ಲ ಮುಂಗಾಲುಗಳಿಂದ ಅಮ್ಮನ ಸೀರೆಯನ್ನು ಹಿಟ್ಟು ನಾದಿದಂತೆ ನಾದುತ್ತ ಕೂರುತ್ತದೆ. ಒಂದು ದಿನ ಅಮ್ಮನೇ ಕರೆದು ಹೇಳಿದರು: "ಇದರ ಕಣ್ಣಿನ ಪಿಸುರು ಒರೆಸೋಣ ಅಂದ್ರೆ ನಂಗೆ ಸರಿಯಾಗಿ ಕಾಣಲ್ಲ ಕಣೇ. ಆ ಕನ್ನಡಕ ಮಾಡಿಸಿಬಿಡು."

ಅಂಗುತ್ತರ ನಿಕಾಯದ ಉಪಜ್ಝಟ್ಠಾನ ಸುತ್ತದಲ್ಲಿ, ಗೃಹಸ್ಥರೂ ಭಿಕ್ಷುಗಳೂ ಮತ್ತೆ ಮತ್ತೆ ನೆನೆಯಬೇಕಾದ ಐದು ಸಂಗತಿಗಳನ್ನು ಭಗವಾನ್ ಬುದ್ಧರು ಹೇಳಿದ್ದಾರೆ. ಮೊದಲನೆಯದು, ಮುಪ್ಪು ನನಗೂ ತಪ್ಪಿದ್ದಲ್ಲ ಎಂಬುದು. ನಾಲ್ಕನೆಯದು, ಪ್ರಿಯವಾದುದೆಲ್ಲದರಿಂದ ಅಗಲಬೇಕು ಎಂಬುದು. ಇವನ್ನು ನಾನು ಎಷ್ಟೋ ಬಾರಿ ಓದಿದ್ದೆ, ನಮ್ಮ ಬಳಗದಲ್ಲಿ ವಿವರಿಸಿಯೂ ಇದ್ದೆ. ಆದರೆ ಅಗಲಿಕೆ ಖಚಿತವೆಂದ ಮೇಲೆ ಹಚ್ಚಿಕೊಳ್ಳದಿರುವುದೇ ಜಾಣತನ ಎಂದು ಒಳಗೊಳಗೇ ನಂಬಿದ್ದೆ. ಅದು ಉಪೇಕ್ಷೆಯಲ್ಲ, ಬರೀ ಭಯ. ಅನಿತ್ಯವನ್ನು ನೆನೆಯುವುದು ಪ್ರೀತಿಯನ್ನು ಕಡಿಮೆ ಮಾಡಲಿಕ್ಕಲ್ಲ, ತಡಮಾಡದಿರಲಿಕ್ಕೆ.

ಈ ತಿಂಗಳು ಬೆಕ್ಕಿನ ತೂಕ ಇಳಿದಿದೆ. ಎಷ್ಟು ದಿನವೆಂದು ವೈದ್ಯರನ್ನು ನಾನು ಕೇಳಲಿಲ್ಲ. ಇವತ್ತು ಏನು ತಿನ್ನಿಸಲಿ ಎಂದು ಕೇಳಿದೆ.

*ಇಂದಿನ ಅಭ್ಯಾಸ:* "ಇನ್ನೇನು, ವಯಸ್ಸಾಯಿತಲ್ಲ" ಎಂದು ನಾವು ಮುಂದೂಡಿದ ಒಂದು ಕೆಲಸವನ್ನು ನೆನಪಿಸಿಕೊಳ್ಳೋಣ. ಒಂದು ಫೋನ್ ಕರೆ, ಒಂದು ಕನ್ನಡಕ, ಹತ್ತು ನಿಮಿಷ ಪಕ್ಕದಲ್ಲಿ ಕೂರುವುದು. ಅದನ್ನು ಇಂದೇ ಮಾಡೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ. ಸಾಧು, ಸಾಧು, ಸಾಧು. 🙏