ಬ್ಯಾಡಗಿಯ ಒಂದು ಲಾಟ್, ಹತ್ತಾರು ಕಂಪ್ಯೂಟರ್: ವರ್ಕ್‌ಫ್ಲೋ ತಂತ್ರಾಂಶದ ಮುಖ್ಯಾಂಶಗಳು

ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಪಠ್ಯಪುಸ್ತಕಗಳಲ್ಲಿ ಉದಾಹರಣೆ ಎಂದರೆ ವಿಮಾನದ ಟಿಕೆಟ್ಟು, ಹೋಟೆಲ್ ಕೋಣೆ, ಬಾಡಿಗೆ ಕಾರು. ಹಾವೇರಿಯ ದೇವಗಿರಿಯಲ್ಲೋ ರಾಣೇಬೆನ್ನೂರಿನಲ್ಲೋ ಇಂಜಿನಿಯರಿಂಗ್ ಓದುವವರಿಗೆ ಅದಕ್ಕಿಂತ ಗಟ್ಟಿ ಉದಾಹರಣೆ ಹತ್ತಿರದಲ್ಲೇ ಇದೆ: ಬ್ಯಾಡಗಿ ಎಪಿಎಂಸಿಯ ಇ-ಟೆಂಡರ್. ಈ ಟಿಪ್ಪಣಿಯಲ್ಲಿ ಮೆಣಸಿನಕಾಯಿಯ ಒಂದು ಲಾಟ್ ಗೇಟು ದಾಟಿದಲ್ಲಿಂದ ಹಣ ಕೈಸೇರುವವರೆಗಿನ ದಾರಿಯನ್ನು ವರ್ಕ್‌ಫ್ಲೋ ಆಗಿ ಕಟ್ಟುವುದಾದರೆ ಹೇಗೆ ಎಂದು ನೋಡುತ್ತ, ಪರೀಕ್ಷೆಗೆ ಬೇಕಾದ ಅಂಶಗಳನ್ನು ಕೊಡಲಾಗಿದೆ.

ನೆಲದ ಸಂಗತಿಗಳು

• ಬ್ಯಾಡಗಿ ಇರುವ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟು ರಚನೆಯಾದದ್ದು 1997ರ ಆಗಸ್ಟ್ 24ರಂದು.
• ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಖಾರ ಕಡಿಮೆ, ಬಣ್ಣ ಹೆಚ್ಚು. ಹಾಗಾಗಿ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತೆಗೆಯಲು ಬೇಡಿಕೆ.
• ಇ-ಟೆಂಡರ್ ನಡೆಯುವ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದದ್ದು 2014ರಲ್ಲಿ. ನಡೆಸುವ ಸಂಸ್ಥೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್. ಇದು ರಾಜ್ಯ ಸರ್ಕಾರ ಮತ್ತು ಸರಕು ವಿನಿಮಯ ಕೇಂದ್ರ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆಯ ಜಂಟಿ ಕಂಪನಿ.
• ದೇಶಮಟ್ಟದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಉದ್ಘಾಟನೆಯಾದದ್ದು 2016ರ ಏಪ್ರಿಲ್ 14ರಂದು, 8 ರಾಜ್ಯಗಳ 21 ಮಾರುಕಟ್ಟೆಗಳಲ್ಲಿ. ಕರ್ನಾಟಕ ಅದಕ್ಕಿಂತ ಎರಡು ವರ್ಷ ಮುಂದಿತ್ತು. ಈ ಎರಡು ಇಸವಿಗಳನ್ನು ಅದಲುಬದಲು ಮಾಡುವವರು ಬಹಳ.

ಲಾಟ್‌ನ ದಾರಿ

ಗೇಟಿನಲ್ಲಿ ಆವಕದ ದಾಖಲೆ, ದಲಾಲಿ ಅಂಗಡಿಯಲ್ಲಿ ರಾಶಿ, ಅದಕ್ಕೊಂದು ಲಾಟ್ ನಂಬರ್. ಖರೀದಿದಾರರು ಮಾಲು ಮುರಿದು, ಮೂಸಿ, ಬಣ್ಣ ನೋಡಿ ದರ ನಮೂದಿಸುತ್ತಾರೆ. ವೇಳೆ ಮುಗಿದ ಮೇಲೆ ಹೆಚ್ಚಿನ ದರದ ಘೋಷಣೆ. ರೈತ ಒಪ್ಪಿದರೆ ತೂಕ, ಪಟ್ಟಿ, ಪಾವತಿ. ಒಪ್ಪದಿದ್ದರೆ ಮಾಲು ಮುಂದಿನ ವಾರಕ್ಕೋ ಕೋಲ್ಡ್ ಸ್ಟೋರೇಜಿಗೋ ಹೋಗುತ್ತದೆ. ಇದರಲ್ಲಿ ಗೇಟಿನ ಕಂಪ್ಯೂಟರ್, ವರ್ತಕರ ಮೊಬೈಲ್, ಟೆಂಡರ್ ಸರ್ವರ್, ತೂಕದ ಯಂತ್ರ, ಬ್ಯಾಂಕ್ ಎಲ್ಲವೂ ಬೇರೆ ಬೇರೆ. ಯಾವುದು ಯಾವಾಗ ಬೇಕಾದರೂ ಕೈಕೊಡಬಹುದು. ಒಂದು ಕೈಕೊಟ್ಟದ್ದು ಇನ್ನೊಂದಕ್ಕೆ ಕೂಡಲೇ ತಿಳಿಯುವುದಿಲ್ಲ. ಡಿಸ್ಟ್ರಿಬ್ಯೂಟೆಡ್ ವ್ಯವಸ್ಥೆಯ ಲಕ್ಷಣವನ್ನು ಎರಡು ಅಂಕಕ್ಕೆ ಕೇಳಿದರೆ ಈ ಕೊನೆಯ ವಾಕ್ಯ ಸಾಕು.

ಮೂಲ ತೊಡಕು

ಪಾವತಿಯ ಕೋರಿಕೆ ಬ್ಯಾಂಕಿಗೆ ಹೋಯಿತು, ಉತ್ತರ ಬರಲಿಲ್ಲ. ಕೋರಿಕೆಯೇ ಮುಟ್ಟಲಿಲ್ಲವೋ, ಹಣ ಜಮೆಯಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ? ಕಳಿಸಿದವನು ಕುಳಿತಲ್ಲಿಂದ ಇದನ್ನು ತಿಳಿಯಲಾರ. ಸಂದೇಶ ಕಳೆದುಹೋಗಬಹುದಾದ ಜಾಲದಲ್ಲಿ ಇಬ್ಬರೂ ಖಚಿತವಾಗಿ ಒಮ್ಮತಕ್ಕೆ ಬರುವುದು ಸಾಧ್ಯವಿಲ್ಲ ಎಂಬುದನ್ನು 1975ರಲ್ಲೇ ತೋರಿಸಲಾಯಿತು; ಜಿಮ್ ಗ್ರೇ 1978ರಲ್ಲಿ ಬರೆದ ಮೇಲೆ ಅದು ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂದು ಹೆಸರಾಯಿತು. ಎಲ್ಲರೂ ಸಿದ್ಧ ಎಂದ ಮೇಲಷ್ಟೇ ಸಂಯೋಜಕ ಯಂತ್ರ ಅಂತಿಮ ಆದೇಶ ಕೊಡುವ ಟೂ-ಫೇಸ್ ಕಮಿಟ್ ಒಂದು ಉಪಾಯ. ಆದರೆ ಆ ಯಂತ್ರ ನಡುವೆ ಬಿದ್ದರೆ ಉಳಿದವರೆಲ್ಲ ಬೀಗ ಹಿಡಿದು ಕಾಯಬೇಕು. ತನಗೆ ಸೇರದ ಮಾರುಕಟ್ಟೆ ತಂತ್ರಾಂಶಕ್ಕಾಗಿ ಯಾವ ಬ್ಯಾಂಕೂ ಗ್ರಾಹಕರ ಖಾತೆಗೆ ಹಾಗೆ ಬೀಗ ಹಾಕಿ ಕೂರುವುದಿಲ್ಲ.

ಒಳಗೆ ನಡೆಯುವುದೇನು

ಪ್ರಶ್ನೆಪತ್ರಿಕೆಯ ತಿರುಳು ಇಲ್ಲಿದೆ. ವರ್ಕ್‌ಫ್ಲೋ ತಂತ್ರಾಂಶ ಕೆಲಸವನ್ನು ಎರಡು ಪಾಲು ಮಾಡುತ್ತದೆ. ಯಾವ ಹೆಜ್ಜೆಯ ನಂತರ ಯಾವುದು ಎಂಬ ಕ್ರಮ ‘ವರ್ಕ್‌ಫ್ಲೋ’. ಹೊರಜಗತ್ತನ್ನು ಮುಟ್ಟುವ ಪ್ರತಿ ಕೆಲಸ, ಅಂದರೆ ಬ್ಯಾಂಕಿಗೆ ಕೋರಿಕೆ, ತೂಕದ ಓದು, ಎಸ್‌ಎಂಎಸ್, ‘ಆಕ್ಟಿವಿಟಿ’. ಇವನ್ನು ನಡೆಸುವ ಪ್ರೋಗ್ರಾಂ ‘ವರ್ಕರ್’. ವರ್ಕರ್‌ಗೆ ಕೆಲಸ ಸಿಗುವುದು ‘ಟಾಸ್ಕ್ ಕ್ಯೂ’ನಿಂದ. ನಡೆದ ಪ್ರತಿಯೊಂದೂ ‘ಈವೆಂಟ್ ಹಿಸ್ಟರಿ’ಯಲ್ಲಿ ದಾಖಲಾಗುತ್ತದೆ.

ಈವೆಂಟ್ ಹಿಸ್ಟರಿ ದಲಾಲಿ ಅಂಗಡಿಯ ಕೀರ್ದಿ ಇದ್ದಂತೆ: ನಡೆದದ್ದನ್ನು ನಡೆದ ಕ್ರಮದಲ್ಲಿ ಕೆಳಗೆ ಬರೆಯುತ್ತ ಹೋಗುವುದು, ಹಿಂದಿನ ಸಾಲನ್ನು ಅಳಿಸುವುದಿಲ್ಲ, ಯಾರ ಬಾಕಿ ಎಷ್ಟೆಂಬ ಖಾತೆಯನ್ನು ಕೀರ್ದಿಯಿಂದ ಯಾವಾಗ ಬೇಕಾದರೂ ಹೊಸದಾಗಿ ಎತ್ತಬಹುದು.

ಲಾಟ್ 214 ಎಂದಿಟ್ಟುಕೊಳ್ಳಿ. ಹಿಸ್ಟರಿಯಲ್ಲಿ ಸಾಲಾಗಿ: ಲಾಟ್ ಶುರು, ದರ ಬಂತು, ದರ ಬಂತು, ಟೆಂಡರ್ ವೇಳೆ ಮುಗಿಯಿತು, ರೈತನ ಒಪ್ಪಿಗೆ, ತೂಕ ಮುಗಿಯಿತು, ಪಾವತಿ ಆಕ್ಟಿವಿಟಿಗೆ ಆದೇಶ. ಇಷ್ಟರಲ್ಲಿ ಕರೆಂಟ್ ಹೋಗಿ ವರ್ಕರ್ ಬಿತ್ತು. ಪಾವತಿ ಮುಗಿಯಿತು ಎಂಬ ಸಾಲು ಮಾತ್ರ ಇಲ್ಲ. ಬೇರೊಂದು ವರ್ಕರ್ ಅದೇ ಹಿಸ್ಟರಿ ತೆಗೆದುಕೊಂಡು ಕೋಡನ್ನು ಮೊದಲ ಸಾಲಿನಿಂದ ಮತ್ತೆ ಓಡಿಸುತ್ತದೆ. ಇದೇ ‘ರಿಪ್ಲೇ’. ತೂಕದ ಹೆಜ್ಜೆ ಬಂದಾಗ ಮತ್ತೆ ತೂಕ ಮಾಡಿಸುವುದಿಲ್ಲ. ದಾಖಲಾದ ತೂಕವನ್ನೇ ಕೊಟ್ಟು ಮುಂದೆ ಸಾಗುತ್ತದೆ. ಹೀಗೆ ಪಾವತಿಯ ಹೆಜ್ಜೆಗೆ ಬಂದು ನಿಲ್ಲುತ್ತದೆ. ಕೊಟ್ಟ ಗಡುವಿನೊಳಗೆ ಉತ್ತರ ಬರದಿದ್ದರೆ ಆ ಒಂದು ಹೆಜ್ಜೆಯನ್ನು ಮಾತ್ರ ಮತ್ತೆ ಮಾಡಿಸುತ್ತದೆ.

ಹಾಗಾದರೆ ರೈತನಿಗೆ ಎರಡು ಸಲ ಹಣ ಹೋಗುವುದಿಲ್ಲವೇ? ಹೋಗಬಹುದು. ಆಕ್ಟಿವಿಟಿಗೆ ಮರುಯತ್ನ ಇಟ್ಟರೆ ಅದು ‘ಕನಿಷ್ಠ ಒಮ್ಮೆ’ ನಡೆಯುತ್ತದೆ, ‘ಸರಿಯಾಗಿ ಒಮ್ಮೆ’ ಅಲ್ಲ. ಅದಕ್ಕೇ ‘ಐಡೆಂಪೊಟೆನ್ಸಿ ಕೀಲಿ’ ಬೇಕು: “ಲಾಟ್ 214, ಪಾವತಿ” ಎಂಬ ಗುರುತನ್ನು ಪ್ರತಿ ಕೋರಿಕೆಯ ಜೊತೆ ಕಳಿಸಿದರೆ, ಅದೇ ಗುರುತು ಎರಡನೇ ಸಲ ಬಂದಾಗ ಬ್ಯಾಂಕಿನ ಕಡೆಯ ತಂತ್ರಾಂಶ ಹಣ ಕಳಿಸದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಪ್ರತಿ ಯತ್ನಕ್ಕೆ ಹೊಸ ಗುರುತು ಹುಟ್ಟಿಸಿದರೆ ಕೀಲಿ ಇದ್ದೂ ಇಲ್ಲದಂತೆ. ಆರ್ಕೆಸ್ಟ್ರೇಟರ್ (ವರ್ಕ್‌ಫ್ಲೋ ತಂತ್ರಾಂಶ) ಹಾಕಿದೆವು, ಇನ್ನು ಚಿಂತೆಯಿಲ್ಲ ಎನ್ನುವವರು ಎಡವುವುದು ಇಲ್ಲಿಯೇ. ತಂತ್ರಾಂಶ ಅರ್ಧ ಹೊಣೆ ಹೊರುತ್ತದೆ, ಉಳಿದರ್ಧ ಬರೆಯುವವರದು.

ರಿಪ್ಲೇಗೆ ಒಂದು ಕರಾರಿದೆ. ವರ್ಕ್‌ಫ್ಲೋ ಕೋಡ್ ‘ಡಿಟರ್ಮಿನಿಸ್ಟಿಕ್’ ಆಗಿರಬೇಕು, ಅಂದರೆ ಅದೇ ಹಿಸ್ಟರಿ ಕೊಟ್ಟರೆ ಅದೇ ದಾರಿ ಹಿಡಿಯಬೇಕು. ಅದರೊಳಗೆ ನೇರವಾಗಿ ಗಡಿಯಾರ ನೋಡುವಂತಿಲ್ಲ, ರ‍್ಯಾಂಡಮ್ ಸಂಖ್ಯೆ ತೆಗೆಯುವಂತಿಲ್ಲ, ಡೇಟಾಬೇಸ್ ಓದುವಂತಿಲ್ಲ. ವೇಳೆ, ರ‍್ಯಾಂಡಮ್ ಸಂಖ್ಯೆಗೆ ತಂತ್ರಾಂಶವೇ ಕೊಡುವ ಕರೆಗಳನ್ನು ಬಳಸಬೇಕು; ಡೇಟಾಬೇಸ್ ಓದು ಆಕ್ಟಿವಿಟಿಗೆ ಹೋಗಬೇಕು.

ಮರುಯತ್ನದ ಲೆಕ್ಕ

ಟೆಂಪೊರಲ್ ಎಂಬ ವರ್ಕ್‌ಫ್ಲೋ ತಂತ್ರಾಂಶದಲ್ಲಿ ನಾವಾಗಿ ಬದಲಿಸದಿದ್ದರೆ ಮೊದಲ ಮರುಯತ್ನಕ್ಕೆ 1 ಸೆಕೆಂಡ್ ಅಂತರ, ಗುಣಕ 2, ಗರಿಷ್ಠ ಅಂತರ ಮೊದಲ ಅಂತರದ 100 ಪಟ್ಟು, ಯತ್ನಗಳಿಗೆ ಮಿತಿಯಿಲ್ಲ. ಹಾಗಾಗಿ ಅಂತರ 1, 2, 4, 8, 16, 32, 64, 100, 100 ಎಂದು ಸಾಗುತ್ತದೆ. ಎಂಟನೆಯದು 128 ಎಂದು ಬರೆದರೆ ತಪ್ಪು.

ತಪ್ಪು ಐಎಫ್‌ಎಸ್‌ಸಿ ಕೋಡ್ ಎಷ್ಟು ಸಲ ಕಳಿಸಿದರೂ ಸರಿಹೋಗದು. ಅಂಥ ದೋಷಗಳನ್ನು ‘ಮರುಯತ್ನ ಬೇಡ’ ಎಂದು ಗುರುತಿಸಬೇಕು. ಇನ್ನೊಂದು: ಮಾರುಕಟ್ಟೆಯ ದಿನ ಸಾವಿರಾರು ಲಾಟ್‌ಗಳ ಟೆಂಡರ್ ಒಂದೇ ಹೊತ್ತಿಗೆ ಮುಗಿಯುತ್ತದೆ. ಎಲ್ಲವೂ ಒಂದೇ ಸೆಕೆಂಡಿಗೆ ಮರುಯತ್ನ ಮಾಡಿದರೆ ಏಳುತ್ತಿದ್ದ ಸರ್ವರ್ ಮತ್ತೆ ಮಲಗುತ್ತದೆ. ಅಂತರದಲ್ಲಿ ಸ್ವಲ್ಪ ಏರುಪೇರು ಬೆರೆಸುವ ‘ಜಿಟ್ಟರ್’ ಇದಕ್ಕೆ ಮದ್ದು.

ಸಾಗಾ

1987ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಮಂಡಿಸಿದ ವಿಧಾನ. ದೊಡ್ಡ ವ್ಯವಹಾರವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಹೆಜ್ಜೆಯನ್ನು ಮೊದಲೇ ಬರೆದಿಡುವುದು. ನಡುವೆ ಕೆಟ್ಟರೆ ಮುಗಿದ ಹೆಜ್ಜೆಗಳನ್ನು ಹಿಂದಿನಿಂದ ಸರಿದೂಗಿಸುತ್ತ ಬರುವುದು. ಸರಿದೂಗಿಸುವುದೆಂದರೆ ಅಳಿಸುವುದಲ್ಲ. ಹಮಾಲರು ಚೀಲಗಳನ್ನು ಲಾರಿಗೆ ಏರಿಸಿದ್ದಾರೆ. ವ್ಯವಹಾರ ಮುರಿದರೆ ಅವನ್ನು ಇಳಿಸಬೇಕು, ಇಳಿಸಿದ್ದಕ್ಕೂ ಹಮಾಲಿ ಕೊಡಬೇಕು. ಅದು ಹೊಸ ಕೆಲಸ, ಹೊಸ ಖರ್ಚು. ರೈತ ದರ ಒಪ್ಪದಿರುವುದನ್ನು ಮಾತ್ರ ಸಾಗಾಕ್ಕೆ ಸೇರಿಸಬೇಡಿ. ಅದು ವೈಫಲ್ಯವಲ್ಲ, ಅವನ ಹಕ್ಕು. ವರ್ಕ್‌ಫ್ಲೋದಲ್ಲಿ ಮಾಮೂಲಿ ಕವಲು.

ಕಾನೂನಿನಲ್ಲೂ ಸರಿದೂಗಿಸುವ ಹೆಜ್ಜೆ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಕಳಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕಿಂಗ್ ಪರೀಕ್ಷೆ ಬರೆಯುವವರಿಗೂ ಇದು ಬೇಕು.

ಕಾಯುವ ಕೆಲಸ

ದರ ಬಂದಿತೆಂಬ ಸುದ್ದಿ ವರ್ಕ್‌ಫ್ಲೋಗೆ ‘ಸಿಗ್ನಲ್’ ಆಗಿ ಬರುತ್ತದೆ. ಟೆಂಡರ್ ಮುಗಿಸುವುದು ‘ಟೈಮರ್’. ಕೋಲ್ಡ್ ಸ್ಟೋರೇಜಿಗೆ ಹೋದ ಮಾಲಿನ ವರ್ಕ್‌ಫ್ಲೋ ತಿಂಗಳುಗಟ್ಟಲೆ ಕಾಯಬಹುದು. ಆ ಟೈಮರ್ ಯಾವುದೋ ಯಂತ್ರದ ಮೆಮೊರಿಯಲ್ಲಿರದೆ ಡೇಟಾಬೇಸಿನಲ್ಲಿ ಇರುವುದರಿಂದ ವರ್ಕರ್‌ಗಳು ನೂರು ಸಲ ಎದ್ದು ಬಿದ್ದರೂ ಅಳಿಯದು. ಅಷ್ಟರಲ್ಲಿ ಕೋಡ್ ಬದಲಾದರೆ? ಹಳೆಯ ಲಾಟ್ ಹಳೆಯ ದಾರಿಯಲ್ಲೇ ಮುಗಿಯುವಂತೆ ‘ವರ್ಷನಿಂಗ್’ ಮಾಡಬೇಕು.

ಯಾರ ದರ ಮೊದಲು ಬಂತೆಂದು ತೀರ್ಮಾನಿಸಲು ವರ್ತಕರ ಮೊಬೈಲಿನ ಗಡಿಯಾರ ನಂಬಬಾರದು. ಸರ್ವರ್ ದಾಖಲಿಸಿದ ಕ್ರಮವೇ ಪ್ರಮಾಣ. ಡಿಸ್ಟ್ರಿಬ್ಯೂಟೆಡ್ ವ್ಯವಸ್ಥೆಯಲ್ಲಿ ಘಟನೆಗಳ ಕ್ರಮದ ಈ ಪ್ರಶ್ನೆಯ ಬಗ್ಗೆ ಲೆಸ್ಲಿ ಲ್ಯಾಂಪೋರ್ಟ್ ಪ್ರಬಂಧ ಬರೆದದ್ದು 1978ರಲ್ಲಿ.

ಯಾರು, ಯಾವಾಗ

• ಅಮೆಜಾನ್ ಸಿಂಪಲ್ ವರ್ಕ್‌ಫ್ಲೋ ಸರ್ವಿಸ್ 2012. ಸ್ಟೆಪ್ ಫಂಕ್ಷನ್ಸ್ 2016.
• ನೆಟ್‌ಫ್ಲಿಕ್ಸ್ ಕಂಡಕ್ಟರ್ 2016ರಲ್ಲಿ ಮುಕ್ತ ತಂತ್ರಾಂಶವಾಯಿತು.
• ಊಬರ್‌ನ ಕೇಡೆನ್ಸ್ 2017. ಅದನ್ನು ಕಟ್ಟಿದ ಮ್ಯಾಕ್ಸಿಮ್ ಫತೀವ್, ಸಮರ್ ಅಬ್ಬಾಸ್ 2019ರಲ್ಲಿ ಟೆಂಪೊರಲ್ ಸ್ಥಾಪಿಸಿದರು. ಇದರ ಸರ್ವರ್ ಗೋ ಭಾಷೆಯದು, ಪರವಾನಗಿ ಎಂಐಟಿ.
• ಏರ್‌ಫ್ಲೋ 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಶುರು. 2019ರಲ್ಲಿ ಅಪಾಚೆ ಪ್ರತಿಷ್ಠಾನದ ಉನ್ನತ ಮಟ್ಟದ ಯೋಜನೆ. ಇದು ಬೇರೆ ಜಾತಿಯದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮಾರುಕಟ್ಟೆಗಳ ದಿನದ ದರ ಕೂಡಿಸಿ ಸಂಜೆ ವರದಿ ಮಾಡುವಂಥ ನಿಗದಿತ ವೇಳೆಯ ಕೆಲಸಕ್ಕೆ ಸರಿ. ಒಂದೊಂದು ಲಾಟ್‌ನ ಜೊತೆ ಹೆಜ್ಜೆ ಹಾಕುವುದಕ್ಕೆ ಟೆಂಪೊರಲ್ ತರಹದ್ದು ಬೇಕು.

ಮಿತಿಗಳು

ಟೆಂಪೊರಲ್‌ನಲ್ಲಿ ಒಂದು ಹಿಸ್ಟರಿಗೆ 51,200 ಈವೆಂಟ್ ಅಥವಾ 50 ಎಂಬಿ ಮಿತಿ. ದಾಟುವ ಮೊದಲೇ ‘ಕಂಟಿನ್ಯೂ ಆ್ಯಸ್ ನ್ಯೂ’ ಮೂಲಕ ಹೊಸ ಹಿಸ್ಟರಿ ತೆರೆಯಬೇಕು. ಇಡೀ ಮಾರುಕಟ್ಟೆಗೆ ಒಂದೇ ವರ್ಕ್‌ಫ್ಲೋ ಬರೆಯದೆ ಲಾಟ್‌ಗೊಂದು ಬರೆಯಲು ಇದೂ ಒಂದು ಕಾರಣ.

ಇನ್ನೊಂದು ಮಿತಿ ಪಠ್ಯದಲ್ಲಿಲ್ಲ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ವರ್ಕ್‌ಫ್ಲೋ ತಂತ್ರಾಂಶ ಲೆಕ್ಕ ತಪ್ಪದಂತೆ ಕಾಯುತ್ತದೆ, ದರ ಏರಿಸುವುದಿಲ್ಲ. ಆದರೆ ತನ್ನ ಲಾಟ್‌ಗೆ ಎಷ್ಟು ದರಗಳು ಬಂದವು, ಯಾವ ಹೊತ್ತಿಗೆ ಬಂದವು ಎಂಬ ರೈತನ ಪ್ರಶ್ನೆಗೆ ಉತ್ತರ ಈವೆಂಟ್ ಹಿಸ್ಟರಿಯಲ್ಲಿರುತ್ತದೆ. ಟೆಂಡರ್ ಮುಗಿದ ಮೇಲೆ ಅದನ್ನು ಕನ್ನಡದಲ್ಲಿ, ರೈತನ ಮೊಬೈಲಿಗೇ ತೋರಿಸುವಂತೆ ವ್ಯವಸ್ಥೆ ಕಟ್ಟಬೇಕು. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಹಾವೇರಿ ಜಿಲ್ಲೆಯ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಲಿ.

ಉತ್ತರ ಬರೆಯುವಾಗ

ಹತ್ತು ಅಂಕದ ಪ್ರಶ್ನೆಗೆ ಲಾಟ್‌ನ ದಾರಿಯ ಚಿತ್ರ ಬರೆಯಿರಿ. ಪ್ರತಿ ಆಕ್ಟಿವಿಟಿಯ ಪಕ್ಕ ಮೂರು ಸಂಗತಿ ನಮೂದಿಸಿ: ಟೈಮ್‌ಔಟ್ ಎಷ್ಟು, ಐಡೆಂಪೊಟೆನ್ಸಿ ಕೀಲಿ ಯಾವುದು, ಸರಿದೂಗಿಸುವ ಹೆಜ್ಜೆ ಏನು. ಮರುಯತ್ನ ಎಂದು ಬರೆದು ಕೀಲಿ ಬರೆಯದಿದ್ದರೆ ಉತ್ತರ ಅರ್ಧವೇ.