ಶೋಪಾನನ ಒಂದು ವಾಲ್ಟ್ಜ್: ಸ್ವರಲಿಪಿಯನ್ನು ಓದುವ ಕ್ರಮ

ಪಿಯಾನೋ ಅಭ್ಯಾಸದಲ್ಲಿ ಬಹುದೂರ ಮುಂದುವರಿದ ವಿದ್ಯಾರ್ಥಿನಿಯರು ಸಹ ಎಷ್ಟೋ ಕೃತಿಗಳನ್ನು ಬೆರಳಿನಿಂದ ಕಲಿಯುವರೇ ಹೊರತು ಕಣ್ಣಿನಿಂದ ಓದುವದಿಲ್ಲ. ಫ್ರೆಡರಿಕ್ ಶೋಪಾನನ ಎ-ಫ್ಲ್ಯಾಟ್ ಮೇಜರ್ ವಾಲ್ಟ್ಜ್, ಅಂದರೆ ಅವನ ೪೨ನೆಯ ಸಂಖ್ಯೆಯ ಕೃತಿಯು, ಹಾಗೆ ಕಲಿತವರಿಗೆ ವಶವಾಗತಕ್ಕದ್ದಲ್ಲ. ಪೋಲೆಂಡಿನಲ್ಲಿ ೧೮೧೦ರಲ್ಲಿ ಹುಟ್ಟಿದ ಶೋಪಾನನು ೧೮೩೧ರಿಂದ ಪ್ಯಾರಿಸಿನಲ್ಲಿ ನೆಲಸಿದ್ದನು. ಈ ಕೃತಿಯು ೧೮೪೦ರಲ್ಲಿ ಪ್ಯಾರಿಸ್, ಲೈಪ್ಸಿಗ್, ಲಂಡನ್ ನಗರಗಳಲ್ಲಿ ಅಚ್ಚಾಯಿತು.

ವಾಲ್ಟ್ಜ್ ಎಂಬದು ಮೂರು ಪೆಟ್ಟುಗಳ ಕುಣಿತ. ಎಡಗೈ ಒಂದೊಂದು ಬಾರಿನಲ್ಲಿಯೂ ಒಂದು ಮಂದ್ರಸ್ವರವನ್ನೂ ಅದರ ಹಿಂದೆ ಎರಡು ಸ್ವರಮೇಳಗಳನ್ನೂ ನುಡಿಸುವದು ವಾಡಿಕೆ. ಇಲ್ಲಿ ಆರಂಭದ ಎಂಟು ಬಾರುಗಳಲ್ಲಿ ಇ-ಫ್ಲ್ಯಾಟ್ ಸ್ವರದ ಮೇಲೆ ಟ್ರಿಲ್ ನಡೆಯುತ್ತದೆ. ಒಂಭತ್ತನೆಯ ಬಾರಿನಲ್ಲಿ ರಾಗವು ತೊಡಗುವಾಗಲೇ ತೊಡಕು. ಬಲಗೈಗೆ ಬಾರಿಗೆ ಆರು ಕ್ವೇವರುಗಳು. ಅವುಗಳಲ್ಲಿ ಒಂದನೆಯದಕ್ಕೂ ನಾಲ್ಕನೆಯದಕ್ಕೂ ಮೇಲ್ಮುಖವಾದ ಬೇರೆ ದಂಡವುಂಟು. ಆ ದಂಡಗಳುಳ್ಳ ಸ್ವರಗಳೇ ಹಾಡು. ಆದಕಾರಣ ಬಲಗೈ ಎರಡಾಗಿ ಹಾಡುವಾಗ ಎಡಗೈ ಮೂರಾಗಿ ಹೆಜ್ಜೆಯಿಡುತ್ತದೆ.

ಪಿಯಾನೋವನ್ನು ಮುಟ್ಟುವದಕ್ಕೆ ಮೊದಲು ಹೀಗೆ ಮಾಡಿರಿ. ಒಂದರಿಂದ ಆರರ ತನಕ ಸಮವಾಗಿ ಎಣಿಸುತ್ತಾ, ಒಂದು, ಮೂರು, ಐದು ಎಂಬಲ್ಲಿ ಎಡಗೈಯಿಂದಲೂ ಒಂದು, ನಾಲ್ಕು ಎಂಬಲ್ಲಿ ಬಲಗೈಯಿಂದಲೂ ಮೇಜನ್ನು ತಟ್ಟಿರಿ. ನಮ್ಮ ತಾಳದ ಲೆಕ್ಕ ಬಲ್ಲವರಿಗೆ ಆರನ್ನು ಎರಡು ವಿಧವಾಗಿ ಒಡೆಯುವದು ಹೊಸದಲ್ಲ. ಒಬ್ಬಳೇ ಏಕಕಾಲದಲ್ಲಿ ಎರಡು ವಿಧವಾಗಿಯೂ ಒಡೆಯಬೇಕೆಂಬದೇ ಇಲ್ಲಿಯ ಕಷ್ಟ. ಬಲಗೈಯ ನಾಲ್ಕನೆಯ ಸ್ವರಕ್ಕಾಗಿ ಎಡಗೈ ಕಾದು ನಿಂತರೆ ವಾಲ್ಟ್ಜೇ ಕೆಟ್ಟುಹೋಗುವದು. ಶೋಪಾನನ ಶಿಷ್ಯನಾದ ಲೆನ್ಸನು, ತನ್ನ ಗುರುವು ಈ ಕೃತಿಯಲ್ಲಿ ಮಂದ್ರದ ಗತಿಯನ್ನು ಎಷ್ಟುಮಾತ್ರವೂ ಸಡಿಲಗೊಡಿಸದೆ, ಗಡಿಯಾರದ ವಾದ್ಯದಂತೆ ನಡಿಸಬೇಕೆಂದಿದ್ದನೆಂದು ಬರೆದಿಟ್ಟಿದ್ದಾನೆ.

ಹಾಳೆಗಳನ್ನು ಕೊಳ್ಳುವಾಗಲೂ ಎಚ್ಚರಿಕೆ ಬೇಕು. ಬೆರಳಿನ ಅಂಕೆ, ಪೆಡಲಿನ ಗುರುತು, ಸ್ವರಗಳನ್ನು ಕೂಡಿಸುವ ಕಮಾನು ಮೊದಲಾದವುಗಳನ್ನು ಅನೇಕ ಸಂಪಾದಕರು ತಮ್ಮ ಇಷ್ಟದಂತೆ ಸೇರಿಸಿರುತ್ತಾರೆ. ಅದು ತಪ್ಪೆಂದು ನಾನು ಹೇಳುವದಿಲ್ಲ. ಆದರೆ ರಚಿಸಿದವನ ಗುರುತು ಯಾವದು, ತಿದ್ದಿದವನದು ಯಾವದು ಎಂಬದು ಪುಟದಲ್ಲಿಯೇ ತಿಳಿಯಬೇಕು. ಯಾನ್ ಎಕಿಯೆರರು ಸಂಪಾದಿಸಿದ ಪೋಲೆಂಡಿನ ರಾಷ್ಟ್ರೀಯ ಆವೃತ್ತಿಯಂಥ ಮೂಲಪಾಠದ ಪುಸ್ತಕವೊಂದು ಮನೆಯಲ್ಲಿದ್ದರೆ ಹೋಲಿಸಿ ನೋಡುವದಕ್ಕೆ ಅನುಕೂಲ.

ತಂದೆತಾಯಂದಿರಿಗೂ ಒಂದು ಮಾತು. ಮಗಳು ವಾರಗಟ್ಟಲೆ ಒಂದೇ ಪುಟವನ್ನು, ಅದೂ ಒಂದೊಂದೇ ಕೈಯಿಂದ, ಮೆಲ್ಲಗೆ ನುಡಿಸುವದನ್ನು ಕೇಳಿ, ಈಕೆ ಹಿಂದೆ ಬಿದ್ದಳೆಂದು ಎಣಿಸಬೇಡಿರಿ. ಸಭೆಯಲ್ಲಿ ನುಡಿಸಲೆಂದು ಅವಸರಪಡಿಸಿದರೆ ಆಕೆ ಆರು ಸ್ವರಗಳನ್ನೂ ಒಂದೇ ತೂಕದಲ್ಲಿ ಓಡಿಸಿಬಿಡುವಳು. ವೇಗದ ಭರದಲ್ಲಿ ಕೇಳುವವರಿಗೆ ಅದು ಗೊತ್ತಾಗದು, ಚಪ್ಪಾಳೆಯೂ ಬೀಳುವದು. ಆದರೆ ಹಾಡು ಮಾಯವಾಗಿರುತ್ತದೆ. ಒಮ್ಮೆ ಕೈಗೆ ಅಂಟಿಕೊಂಡ ಆ ರೂಢಿಯನ್ನು ಬಿಡಿಸಲು ಶಿಕ್ಷಕಿಗೆ ವರ್ಷವೇ ಹಿಡಿದೀತು.

ಭಾಗಭಾಗಗಳ ನಡುವೆ ಮತ್ತೆ ಮತ್ತೆ ಬರುವ ಕ್ವೇವರುಗಳ ಓಟವನ್ನು ಹಗುರವಾದ ಕೈಯಿಂದ ಒಮ್ಮೆ ಕಲಿತರೆ ಸಾಕು. ಕಡೆಯ ಪುಟವನ್ನಾದರೋ ಮೊದಲೇ ಕಲಿಯುವದು ಲೇಸು. ಯಾಕಂದರೆ ಕೈ ದಣಿದಿರುವ ಹೊತ್ತಿಗೇ ಅದು ಎದುರಾಗುತ್ತದೆ.