ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಪ್ರಯಾಣದ ಲೆಕ್ಕ ತಪ್ಪದಿರಲು ಏಳು ಸೂತ್ರ

ಮಗನ ಮನೆಗೋ ಮಗಳ ಬಾಣಂತನಕ್ಕೋ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟವರು ಮೊದಲು ಕೇಳುವುದು "ಎಷ್ಟು ದೂರ?" ಎಂದು. ಸುಮಾರು 14,000 ಕಿ.ಮೀ. ಆದರೆ ಕೆಲಸಕ್ಕೆ ಬರುವುದು ಗಂಟೆಗಳ ಲೆಕ್ಕ.

1. ಗೋಡೆಯ ನಕ್ಷೆ ಬಿಡಿ, ಮೂಸಂಬಿ ಹಿಡಿಯಿರಿ. ತೊಟ್ಟು ಉತ್ತರ ಧ್ರುವ ಅಂದುಕೊಳ್ಳಿ. ಒಂದು ಪಕ್ಕ ಬೆಂಗಳೂರು, ಹೆಚ್ಚುಕಡಿಮೆ ಎದುರು ಪಕ್ಕ ಸ್ಯಾನ್ ಫ್ರಾನ್ಸಿಸ್ಕೊ ಎಂದು ಚುಕ್ಕೆಯಿಟ್ಟು ದಾರ ಬಿಗಿಯಿರಿ. ದಾರ ತೊಟ್ಟಿನ ಹತ್ತಿರವೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನ ತಂದದ್ದು ಧ್ರುವದ ಮೇಲಿಂದಲೇ.

2. ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಅನ್ನಬೇಡಿ. 2016ರಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿತು. ದಾರಿ 15,000 ಕಿ.ಮೀ. ದಾಟಿದರೂ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗಿತ್ತು.

3. 900ರಿಂದ ಭಾಗಿಸಿ, ಮೇಲೊಂದಿಷ್ಟು ಸೇರಿಸಿ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು ಭಾಗಿಸಿದರೆ ಸುಮಾರು ಹದಿನೈದೂವರೆ ಗಂಟೆ. ಏರುವುದು, ಇಳಿಯುವುದು, ಸುತ್ತುದಾರಿ ಸೇರಿ ನೇರ ವಿಮಾನವಿದ್ದರೆ ಹದಿನಾರರಿಂದ ಹದಿನೆಂಟು ಗಂಟೆ ಹಿಡಿಯಿರಿ.

4. ಗಡಿಯಾರದ ಆಟ ಕಲಿಯಿರಿ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯ ಶನಿವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಅಲ್ಲಿ ಇನ್ನೂ ಶನಿವಾರ ಸಂಜೆ ಆರು! ವಾಪಸ್ ಬರುವಾಗ ಬಡ್ಡಿ ಸಮೇತ ವಸೂಲಿ: ಶನಿವಾರ ರಾತ್ರಿ ಹತ್ತಿದರೆ ಇಳಿಯುವುದು ಸೋಮವಾರ ಬೆಳಗಿನ ಜಾವ. ಭಾನುವಾರ ನಾಪತ್ತೆ. ಸೋಮವಾರಕ್ಕೆ ಗೃಹಪ್ರವೇಶ ಒಪ್ಪಿಕೊಳ್ಳಬೇಡಿ.

5. ಮನೆ ಬಾಗಿಲಿನಿಂದ ಎಣಿಸಿ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 35 ಕಿ.ಮೀ., ಹೆಬ್ಬಾಳದ ಟ್ರಾಫಿಕ್ ಬೇರೆ. ಚೆಕ್-ಇನ್‌ಗಾಗಿ ವಿಮಾನ ಹೊರಡುವ ಮೂರು ಗಂಟೆ ಮೊದಲೇ ಅಲ್ಲಿರಿ. ಮೈಸೂರಿನವರು ಇನ್ನೂ ನಾಲ್ಕು ಗಂಟೆ ಸೇರಿಸಿಕೊಳ್ಳಿ.

6. ನಡುವೆ ವಿಮಾನ ಬದಲಿಸುವುದಾದರೆ ಒಂದೇ ಟಿಕೆಟ್ ತೆಗೆಸಿ. ದುಬೈ, ಫ್ರಾಂಕ್‌ಫರ್ಟ್ ಮೂಲಕ ಹೋದರೆ ಇಡೀ ದಿನವೇ ಹಿಡಿಯಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಬುಕಿಂಗ್ ಇದ್ದಾಗ ಬದಲಿ ವ್ಯವಸ್ಥೆ ವಿಮಾನ ಕಂಪನಿಯ ಹೊಣೆ. ಬಿಡಿಬಿಡಿ ಟಿಕೆಟಾದರೆ ಜೇಬು ನಿಮ್ಮದೇ.

7. ದೇಹಕ್ಕೂ ಸಮಯ ಕೊಡಿ. ವಿಮಾನದಲ್ಲಿ ಆಗಾಗ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಇಳಿದ ಮೇಲೆ ಹಗಲಿನ ಬಿಸಿಲಿಗೆ ಹೋಗಿ. ನಿದ್ದೆ ಹಳಿಗೆ ಬರಲು ವಾರಕ್ಕೂ ಹೆಚ್ಚು ಬೇಕಾಗಬಹುದು. ಜನವರಿಯ ರಾತ್ರಿ ಎರಡೂವರೆಗೆ ಅಮ್ಮ ಮಗನ ಅಡುಗೆಮನೆಯಲ್ಲಿ ದೀಪ ಹಾಕಿ ಫಿಲ್ಟರ್‌ಗೆ ಕಾಫಿಪುಡಿ ತುಂಬುತ್ತಿದ್ದರೆ ಗಾಬರಿಯಾಗಬೇಡಿ. ಬೆಂಗಳೂರಿನಲ್ಲಿ ಆಗ ಸಂಜೆ ನಾಲ್ಕು, ಕಾಫಿಯ ಹೊತ್ತು.